ಗೋಣೆಪ್ಪಣ್ಣ ಬೆಳಕಿಗೆ ಮಡಿ ಕಲಿಸಿದ್ದು

ಗೋಣೆಪ್ಪಣ್ಣ ಆರು ವರ್ಷ ಒಂದು ಯಂತ್ರಕ್ಕೆ ಹೂ ಏರಿಸಿದರು. ಪ್ರತಿ ಆಯುಧಪೂಜೆಗೆ ಅದರ ಹಳದಿ ಬಟ್ಟೆ ಸರಿಸುವುದು, ಧೂಳು ಒರೆಸುವುದು, ಕುಂಕುಮ ಇಡುವುದು, ಎದುರಿಗೆ ಕುಂಬಳಕಾಯಿ ಒಡೆಯುವುದು, ಮತ್ತೆ ಬಟ್ಟೆ ಹೊದಿಸುವುದು. ಇಷ್ಟು ಬಿಟ್ಟರೆ ಆ ಯಂತ್ರಕ್ಕೆ ಬೇರೆ ಕೆಲಸವಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಅದನ್ನು ತೋರಿಸಿ, "ಮೇಡಂ, ಈ ಕಾಲೇಜಿನ್ಯಾಗ ಬರೇ ನಮಸ್ಕಾರ ತಗೊಂಡು ಕುಂದರಾವ್ರು ಇಬ್ಬರ ಅದಾರ. ಒಂದು ಇದು. ಇನ್ನೊಬ್ಬರು ಯಾರಂತ ನಿಮಗ ಆಮ್ಯಾಲೆ ತಿಳೀತೈತಿ," ಎಂದರು. ಆಮೇಲೆ ತಿಳಿಯಿತು. ನಮ್ಮ ಪ್ರಿನ್ಸಿಪಾಲ್ ಶಿವಯೋಗಿ ಸರ್ ಒಳ್ಳೆಯವರೇ, ಆದರೆ ನಮಸ್ಕಾರ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ನಮ್ಮದು ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ರಸ್ತೆಯ ಮೇಲಿನ ಸಣ್ಣ ಪಾಲಿಟೆಕ್ನಿಕ್. ನಾನು ಅಲ್ಲಿ ನೀರಿನ ಹರಿವಿನ ಪಾಠ ಹೇಳುತ್ತೇನೆ, ಗೋಣೆಪ್ಪಣ್ಣ ಅದೇ ವಿಷಯದ ಪ್ರಯೋಗಶಾಲೆಯ ಅಟೆಂಡರ್. ಊರು ಹಿರೇಕೆರೂರ ತಾಲೂಕಿನ ಮಾಸೂರು. ವಯಸ್ಸು ಐವತ್ನಾಲ್ಕು, ಅದರಲ್ಲಿ ಇಪ್ಪತ್ತೇಳು ಈ ಕೋಣೆಯಲ್ಲೇ ಕಳೆದಿವೆ. ಅವರ ಅಪ್ಪ ಮದಗದ ಕೆರೆಯ ಕಾಲುವೆಯಲ್ಲಿ ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದವರು. ಮಗ ಅದೇ ಕಾಲುವೆಯಲ್ಲಿ ಎಲೆ ತೇಲಿಬಿಟ್ಟು ಅದರ ಜೊತೆ ಓಡುತ್ತ ಬೆಳೆದವರು. ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ನೋಡಿಲ್ಲ. ಸ್ಕ್ರೂ, ವಾಷರು, ತಂತಿ ಎಲ್ಲವೂ ಖಾರದ ಡಬ್ಬಿಗಳಲ್ಲಿ. ಯಾವ ಡಬ್ಬಿಯಲ್ಲಿ ಏನು ಎಂದು ಅವರಿಗೊಬ್ಬರಿಗೇ ಗೊತ್ತು.

ಹೊಸ ಉಪನ್ಯಾಸಕರು ಬಂದರೆ ಗೋಣೆಪ್ಪಣ್ಣನದೊಂದು ಪರೀಕ್ಷೆ ಇದೆ. ಪ್ರಯೋಗಶಾಲೆಯ ದೊಡ್ಡ ಪಂಪು ಹಟಮಾರಿ, ಪ್ರೀತಿಯಿಂದ ಕರೆದರೆ ಮಾತ್ರ ಏಳುತ್ತದೆ ಎನ್ನುತ್ತಾರೆ. ನಾನೂ ಮೂವತ್ತು ವಿದ್ಯಾರ್ಥಿಗಳ ಎದುರಿಗೆ ಬಾಗಿ "ಏಳಪಾ ರಾಜಾ" ಅಂದೆ. ಏಳಲಿಲ್ಲ. ಇನ್ನೊಮ್ಮೆ ಅಂದೆ. ಮೂರನೆಯ ಸಲಕ್ಕೆ ಗುರ್ರೆಂದಿತು. ಮೇಜಿನ ಕೆಳಗಿನ ಸ್ವಿಚ್ಚಿನ ಮೇಲೆ ಗೋಣೆಪ್ಪಣ್ಣನ ಕಾಲಿನ ಹೆಬ್ಬೆರಳು ಇರುತ್ತದೆಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ. ಆಗಲೂ ನಾನು ಬೇರೆಯವರಿಗೆ ಹೇಳಲಿಲ್ಲ. ನನ್ನ ನಂತರ ಸೇರಿದವರೂ ಕರೆಯಲಿ ಎಂದು.

ಬಟ್ಟೆ ಹೊದ್ದ ಆ ಯಂತ್ರ ನೀರಿನ ವೇಗ ಅಳೆಯುವ ಲೇಸರ್. ಪರದೇಶದಿಂದ ಮರದ ಪೆಟ್ಟಿಗೆಯಲ್ಲಿ ಬಂದದ್ದು. ಅದರ ತತ್ತ್ವ ಕಷ್ಟದ್ದಲ್ಲ. ನೀರಿನಲ್ಲಿ ನುಣ್ಣನೆಯ ಪುಡಿ ಬೆರೆಸಬೇಕು, ಬೆಳಕನ್ನು ತೆಳ್ಳಗಿನ ಹಾಳೆಯಂತೆ ಹರಡಿ ನೀರೊಳಗೆ ಬಿಡಬೇಕು, ಹೊಳೆಯುವ ಕಣಗಳ ಫೋಟೋ ಬೆನ್ನುಬೆನ್ನಿಗೆ ತೆಗೆಯಬೇಕು. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಕಣ ಎಷ್ಟು ಸರಿಯಿತೋ ಅದರಿಂದ ಆ ಜಾಗದ ನೀರಿನ ವೇಗ ಸಿಗುತ್ತದೆ. ಆದರೆ ಆ ಯಂತ್ರದ ಬೆಳಕು ಭಾರಿ. ಬಂದ ಮೊದಲ ವಾರವೇ ಯಾರದೋ ಕೈಗಡಿಯಾರಕ್ಕೆ ಬಡಿದು ಚಿಮ್ಮಿ, ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಯ ಚೌಕಕ್ಕೆ ಸರಿಯಾಗಿ ತೂತು ಮಾಡಿತು. ಅದು ಕಣ್ಣಾಗಿದ್ದರೆ? ಅಂದೇ ಬಟ್ಟೆ ಹೊದಿಸಿದರು. ಆಮೇಲಿನ ವಿದ್ಯಾರ್ಥಿಗಳೆಲ್ಲ ನೀರಿನ ಹರಿವನ್ನು ಕಪ್ಪು ಹಲಗೆಯ ಮೇಲಿನ ಬಾಣಗಳಲ್ಲೇ ಕಲಿತರು.

ನಾನು ಹೆರಿಗೆ ರಜೆ, ಅದರ ಬೆನ್ನಿಗೆ ಮಗು ನೋಡಿಕೊಳ್ಳುವ ರಜೆ ಮುಗಿಸಿ ಬಂದ ವಾರ, ಹಲಗೆಯ ಮೇಲೆ ಉದ್ದುದ್ದ ಬಾಣ ಬರೆಯುತ್ತಿದ್ದೆ. ಗೋಣೆಪ್ಪಣ್ಣ ಬಾಗಿಲಿಗೆ ಆತು ನಿಂತು ನೋಡಿದರು.

"ಮೇಡಂ, ಮದಗದ ಕೆರಿ ನೀರು ನಿಮ್ಮ ಬಾಣ ನೋಡಿದ್ರ ನಕ್ಕೋತ ಹೊಳ್ಳಿ ಹೊಕ್ಕೈತ್ರಿ."

"ಹಂಗಾದ್ರ ನೀರು ಹ್ಯಾಂಗ ಹೋಗ್ತದ, ನೀವ ಹೇಳ್ರಿ."

"ಹೇಳೂದಲ್ರಿ, ತೋರಸೂಣು. ಹುಡುಗೂರು ತಮ್ಮ ಕೈಲೆ ನಡಿಸಿ ನೋಡೂವಂಥಾದ್ದು ಒಂದು ನಾವ ಮಾಡೂಣು. ಕಣ್ಣೂ ಉಳೀಬೇಕು, ನೀರೂ ಕಾಣಬೇಕು."

ಶಿವಯೋಗಿ ಸರ್ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಹೊರಗಿನಿಂದ ಸುರಕ್ಷತಾ ಸಮಿತಿ ಬಂದು ನೋಡುತ್ತದೆ. ಅವರು ಹೂಂ ಎಂದರೆ ವಿದ್ಯಾರ್ಥಿಗಳು ಬಳಸಲಿ. ಉಹುಂ ಎಂದರೆ ಇದಕ್ಕೂ ಬಟ್ಟೆ, ಮತ್ತು ಆ ಕೋಣೆಯನ್ನು ಹಳೆಯ ಉತ್ತರಪತ್ರಿಕೆ ತುಂಬಲು ಬಿಟ್ಟುಕೊಡಬೇಕು. ಗೋಣೆಪ್ಪಣ್ಣ ಇಪ್ಪತ್ತೇಳು ವರ್ಷ ನೀರು ಹರಿಸಿದ ಕೋಣೆ ಅದು. ಪ್ರಿನ್ಸಿಪಾಲರ ಆಫೀಸಿನಿಂದ ಹೊರಗೆ ಬಂದು, "ಎರಡೆರಡಕ್ಕ ಕುಂಬಳಕಾಯಿ ಒಡಿಯಾಕ ನನ್ನ ಕೈಲೆ ಆಗೂದಿಲ್ರಿ," ಎಂದರು. ನಕ್ಕರು, ಆದರೆ ಆ ನಗು ಕಣ್ಣಿನ ತನಕ ಬರಲಿಲ್ಲ.

ಕೆಲಸ ಶುರುವಾಯಿತು. ಹಾನಗಲ್ಲಿನ ಅಂಗಡಿಯೊಂದರಿಂದ ಮೀನು ಸಾಕುವ ಗಾಜಿನ ತೊಟ್ಟಿ ಮತ್ತು ಅದರದೇ ಸಣ್ಣ ಪಂಪು ತಂದೆವು. ಪರದೆಯ ಮೇಲಿನ ಅಕ್ಷರ ತೋರಿಸಲು ಉಪಯೋಗಿಸುವಂಥ ಹಸಿರು ಬೆಳಕಿನ ಪೆನ್ನುಗಳನ್ನು ಆರಿಸಿದೆವು. ತಪ್ಪಿ ಕಣ್ಣಿಗೆ ಬಿದ್ದರೂ ರೆಪ್ಪೆ ಮುಚ್ಚುವಷ್ಟರಲ್ಲಿ ಕೇಡು ಮಾಡಬಾರದು, ಅಷ್ಟು ಮೆದುವಾದದ್ದು ಬೇಕಿತ್ತು. ಅಳೆದು ನೋಡಿದರೆ ಎರಡು ಪೆನ್ನುಗಳ ಬೆಳಕು ಚೀಟಿಯಲ್ಲಿ ಬರೆದದ್ದಕ್ಕಿಂತ ಜೋರಾಗಿತ್ತು. ಅವನ್ನು ಗೋಣೆಪ್ಪಣ್ಣ ಡಬ್ಬಿಯೊಂದರಲ್ಲಿ ಹಾಕಿ ಬೀಗ ಜಡಿದರು. "ಮಂದಿಗತೆನ ಇವೂ. ಪರಿಚಯ ಚೀಟ್ಯಾಗ ಬ್ಯಾರೆ, ಒಳಗ ಬ್ಯಾರೆ." ಮೂರನೆಯದು ಪಾಸಾಯಿತು. ಅದರ ಮುಂದೆ ರಸಾಯನಶಾಸ್ತ್ರದವರ ಗಾಜಿನ ಕಡ್ಡಿಯನ್ನು ನಿಲ್ಲಿಸಿದರೆ ಚುಕ್ಕೆಯಂಥ ಬೆಳಕು ಹಾಳೆಯಾಗಿ ಹರಡಿತು. ಬೆಳಕು ಮೆದುವಾದ್ದರಿಂದ ನೀರನ್ನೂ ನಿಧಾನ ಹರಿಸಬೇಕು, ಸುತ್ತ ಕತ್ತಲೆ ಬೇಕು. ಅದಕ್ಕೆ ಕಪ್ಪು ಬಳಿದ ಪ್ಲೈವುಡ್ಡಿನ ಪೆಟ್ಟಿಗೆ. ಕ್ಯಾಮೆರಾ ಎಂದರೆ ಪರದೆ ಒಡೆದ ನನ್ನ ಹಳೆಯ ಫೋನು. ಎಲ್ಲ ಸೇರಿ ಹಳೆಯ ಯಂತ್ರ ಬಂದ ಮರದ ಪೆಟ್ಟಿಗೆಯ ಬೆಲೆಯೂ ಆಗಿರಲಿಕ್ಕಿಲ್ಲ.

ಪುಡಿಯದು ದೊಡ್ಡ ಕಥೆ. ಮೊದಲು ಗೋಣೆಪ್ಪಣ್ಣ ಸವಣೂರಿನ ಖಾರದ ಅಂಗಡಿಯ ಹುಸೇನಸಾಬರ ಹತ್ತಿರ ಕಡಲೆಹಿಟ್ಟು ತಂದರು. ಅವರ ಮಗಳು ದಿಲ್ಶಾದ ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿನಿ. ಮರುದಿನ ಬೆಳಿಗ್ಗೆ ತೊಟ್ಟಿ ಹುಳಿ ನಾರುತ್ತಿತ್ತು. ದಿಲ್ಶಾದ ಇಣುಕಿ ನೋಡಿ, "ಕಾಕಾ, ಇದಕ್ಕ ಉಪ್ಪು, ಅಜವಾನ ಹಾಕಿದ್ರ ಬಜಿ ಕರೀಬಹುದು," ಎಂದಳು. ಆಮೇಲೆ ವಿಭೂತಿ ಅರೆದು ಹಾಕಿದರು. ಅದು ನೇರ ತಳಕ್ಕೆ ಹೋಗಿ ಕುಳಿತಿತು. "ಶಿವಾ ಧ್ಯಾನಕ್ಕ ಕುಂತ," ಎಂದು ತೊಟ್ಟಿ ತೊಳೆದರು. ಆ ದಿನ ನಾನು ಮಗು ಆಕಾಶನಿಗೆ ಸ್ನಾನ ಮಾಡಿಸಿ ಓಡೋಡಿ ಬಂದಿದ್ದೆ. ಗೋಣೆಪ್ಪಣ್ಣ ನನ್ನ ತೋಳನ್ನೇ ದಿಟ್ಟಿಸಿದರು.

"ಮೇಡಂ, ಅದೇನ್ರಿ ಬೆಳ್ಳಗ?"

"ಕೂಸಿನ ಪೌಡರ್ ರೀ. ಅವಸರದಾಗ ಹತ್ತೇದ."

"ನಾಳೆ ಡಬ್ಬಿ ತರ್ರಿ."

ಪೌಡರ್ ಮೊದಲು ನೀರಿನ ಮೇಲೇ ತೇಲಿ ಹಟ ಹಿಡಿಯಿತು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿದ್ದದ್ದೇ ನೀರೊಳಗೆಲ್ಲ ಹರಡಿತು. ಬೆಳಕು ಬಿಟ್ಟೆವು. ಹಸಿರು ನಕ್ಷತ್ರಗಳು ಸಾಲುಗಟ್ಟಿ ನಡೆದವು. ನಡುವೆ ನಿಲ್ಲಿಸಿದ್ದ ಬರೆಯುವ ಪೆನ್ನಿನ ಖಾಲಿ ಕೊಳವೆಯ ಹತ್ತಿರ ಬಂದು, ಎರಡೂ ಬದಿಗೆ ಸೀಳಿ, ಅದರ ಹಿಂದೆ ಸುರುಳಿ ಸುತ್ತಿ, ಒಂದಷ್ಟು ಹಿಂದಕ್ಕೂ ತಿರುಗಿದವು. ಗೋಣೆಪ್ಪಣ್ಣ ಫೋನಿನ ಪರದೆಯಿಂದ ಮುಖ ಎತ್ತಲೇ ಇಲ್ಲ. "ನೋಡ್ರಿ, ಹೊಳ್ಳಿ ಬರಾಕತ್ತೇತಿ. ನಾ ಸಣ್ಣಾವಿದ್ದಾಗ ನನ್ನ ಎಲಿ ಕಲ್ಲಿನ ಹಿಂದ ಸಿಕ್ಕು ಹಿಂಗ ತಿರಗತಿತ್ತು." ಅಂದಿನಿಂದ ನನ್ನ ಮಗನಿಗೆ ಪೌಡರ್ ಇಲ್ಲ, ನೀರಿಗೆ ಉಂಟು.

ಎಲ್ಲಕ್ಕಿಂತ ಮುಖ್ಯ ಮುಚ್ಚಳ. ಅದನ್ನು ಎತ್ತಿದ ಕೂಡಲೇ ಬೆಳಕು ತಾನಾಗಿ ಆರಬೇಕು. ಗೋಣೆಪ್ಪಣ್ಣ ಗುಜರಿ ಅಂಗಡಿಯಿಂದ ಹಳೆಯ ಫ್ರಿಜ್ಜಿನ ಸ್ವಿಚ್ ತಂದರು. "ಬಾಗಲ ಕಾಯಾಕಂತನ ಹುಟ್ಟಿದ ಸ್ವಿಚ್ಚು ಇದು. ಇದರಷ್ಟು ಶಾಣ್ಯಾ ಯಾವುದೈತ್ರಿ?" ನಮ್ಮದೊಂದು ಕಟ್ಟಳೆಯಿತ್ತು: ಯಾವುದನ್ನೇ ಹೊಸದಾಗಿ ಹಚ್ಚಿದರೂ ಮುಖ ಅತ್ತ ತಿರುಗಿಸಿ ಮೊದಲು ಬಿಳಿ ಕಾಗದ ಹಿಡಿಯಬೇಕು. ಹಾಗೇ ಮಾಡಿದೆವು. ಮುಚ್ಚಳ ಹಾಕಿದರೆ ಒಳಗೆ ಗವ್ವೆನ್ನುವ ಕತ್ತಲೆ. ಎತ್ತಿದರೆ ಕಾಗದವೆಲ್ಲ ಹಸಿರು! ಫ್ರಿಜ್ಜು ತನ್ನ ಬುದ್ಧಿ ಬಿಟ್ಟಿರಲಿಲ್ಲ. ಬಾಗಿಲು ತೆರೆದವರಿಗೆ ದೀಪ ತೋರಿಸುವುದೇ ಅದರ ಧರ್ಮ. ಗೋಣೆಪ್ಪಣ್ಣ ಹಣೆ ಚಚ್ಚಿಕೊಂಡು, "ಪ್ರಿನ್ಸಿಪಾಲರ ಕಿವಿಗೆ ಹಾಕಬ್ಯಾಡ್ರಿ ಮತ್ತ," ಎಂದು ನನ್ನಿಂದ ಮಾತು ತೆಗೆದುಕೊಂಡರು. ಮರುದಿನ ಬೈಕಿನ ಬ್ರೇಕ್ ದೀಪದ ಸ್ವಿಚ್ ಬಂದಿತು. ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ. ಮುಚ್ಚಳದ ಭಾರವೇ ಅದನ್ನು ಒತ್ತುತ್ತಿತ್ತು.

ಯಂತ್ರ ಹೇಳಿದ ಮಾತು ಕೇಳತೊಡಗಿತು. ಕೇಳದವರು ಮನುಷ್ಯರು. ಫೋನಿನ ಕಣ್ಣಿಗಾಗಿ ಪೆಟ್ಟಿಗೆಗೆ ಒಂದು ಕಿಂಡಿ ಬಿಡಲೇಬೇಕಿತ್ತು. ಮಹಾಂತೇಶ ಎಂಬ ನಮ್ಮ ತರಗತಿಯ ತುಂಟ ಮೊದಲ ದಿನವೇ ಆ ಕಿಂಡಿಗೆ ಮೂಗು ಹಚ್ಚಿದ. ಇನ್ನೊಬ್ಬ ಸ್ಟೀಲಿನ ಕಡಗದ ಕೈ ತೂರಿಸಿದ, ಗಾಜಿನ ಬಳೆಯವರು ಬಳೆ ತೂರಿಸಿದರು. ಕೆಂಪು ಅಕ್ಷರದ ಡೇಂಜರ್ ಬೋರ್ಡು ತಂದು ನಿಲ್ಲಿಸಿದೆ. ಅದರ ಜೊತೆ ಸೆಲ್ಫಿ ತೆಗೆದುಕೊಂಡರು. ಗಂಟಲು ಹರಿಯುವಂತೆ ಕೂಗಿದೆ. ಕೂಗುವಾಗ ನಿಂತರು, ಉಸಿರು ತೆಗೆದುಕೊಳ್ಳುವಾಗ ಮತ್ತೆ ನುಗ್ಗಿದರು. ಸಮಿತಿಯವರು ನೋಡುವುದು ಯಂತ್ರವನ್ನಷ್ಟೇ ಅಲ್ಲ, ಅದರ ಸುತ್ತ ವಿದ್ಯಾರ್ಥಿಗಳು ಹೇಗಿರುತ್ತಾರೆ ಎಂಬುದನ್ನೂ. ಇನ್ನು ಹತ್ತು ದಿನ ಉಳಿದಿತ್ತು. ಆಫೀಸಿನವರು ಉತ್ತರಪತ್ರಿಕೆಯ ಗಂಟುಗಳನ್ನು ಆಗಲೇ ತಂದು ನಮ್ಮ ವರಾಂಡದಲ್ಲಿ ಪೇರಿಸಿದ್ದರು.

ಪೌಡರ್ ಮುಗಿದಿತ್ತೆಂದು ಗೋಣೆಪ್ಪಣ್ಣ ಒಂದು ಬೆಳಿಗ್ಗೆ ಸವಣೂರಿನ ನಮ್ಮ ಮನೆಗೆ ಬಂದರು. ಅತ್ತೆ ವಿಮಲಾಬಾಯಿ ಮಡಿಸೀರೆ ಉಟ್ಟು ಅಡಿಗೆಮನೆಯಲ್ಲಿದ್ದರು. ಮಡಿಯಲ್ಲಿದ್ದಾಗ ಅವರನ್ನಾಗಲಿ ಒಲೆಯನ್ನಾಗಲಿ ಯಾರೂ ಮುಟ್ಟುವ ಹಾಗಿಲ್ಲ. ಒಂದೂವರೆ ವರ್ಷದ ಆಕಾಶ ಗೋಣೆಪ್ಪಣ್ಣನ ಕಾಲ ಸಂದಿಯಿಂದ ನುಸುಳಿ ಒಳಗೆ ಓಡಿದ. "ಮಡಿ!" ಎಂದರು ಅತ್ತೆ, ದನಿ ಏರಿಸದೆ. ಮಗು ಹೊಸ್ತಿಲ ಮುಂದೆ ಗಕ್ಕನೆ ನಿಂತಿತು, ಎರಡೂ ಕೈ ಹಿಂದೆ ಕಟ್ಟಿ, ಹೊಟ್ಟೆ ಮಾತ್ರ ಮುಂದೆ ಚಾಚಿ. ಸಿಲಿಂಡರ್ ಹೊತ್ತವನು ಬಂದ. "ಮಡಿ!" ಅವನು ಕಂಬದ ಹತ್ತಿರ ನಿಂತ. ನನ್ನ ಗಂಡ ರಾಘವೇಂದ್ರ ಊಟದ ಡಬ್ಬಿ ಕೇಳಲು ಬಂದು ಇನ್ನೂ ಎರಡು ಹೆಜ್ಜೆ ಹಿಂದೆಯೇ ನಿಂತರು. ಗೋಣೆಪ್ಪಣ್ಣ ಚಹಾ ಆರಿಸಿಕೊಳ್ಳುತ್ತ ಎಲ್ಲವನ್ನೂ ನೋಡಿದರು.

"ಬಾಯಾರ, ಈ ಕೂಸಿಗ ಯಾರು ಕಲಿಸ್ಯಾರ್ರಿ?"

"ಕಲಸೂದೇನು ಬಂತೋ ಅದರಾಗ? ಮಡಿ ಅಂದ್ರ ನಿಂದರಬೇಕು."

"ಯಾಕಂತ ಯಾರೂ ಕೇಳೂದಿಲ್ಲೇನ್ರಿ?"

"ಕೇಳಲಿ. ಮೊದಲ ನಿಂತು ಆಮ್ಯಾಲೆ ಕೇಳಲಿ."

ಗೋಣೆಪ್ಪಣ್ಣ ಲೋಟ ಕೆಳಗಿಟ್ಟರು. "ಬಾಯಾರ, ನಿಮ್ಮ ಮಡಿ ಹತ್ತು ದಿನ ನನಗ ಕೊಡ್ರಿ."

ಒಳಗೆ ಸೌಟಿನ ಸದ್ದು ನಿಂತಿತು. "ಏನಂದಿ?"

"ಚ್ಯಾಷ್ಟಿ ಅಲ್ರಿ. ನಮ್ಮ ಹುಡುಗೂರು ಡೇಂಜರ್ ಬೋರ್ಡಿಗೆ ಅಂಜವಲ್ರು. ನಿಮ್ಮ ಒಂದ ಮಾತಿಗೆ ಸಿಲಿಂಡರ್ ಹೊತ್ತಾವ ನಿಂತುಬಿಟ್ಟ."

"ಮಿಶಿನ್ನಿಗೆ ಮಡೀನೇನೋ? ನಾಳೆ ಅದಕ್ಕ ಏಕಾದಶಿ ಉಪವಾಸನೂ ಮಾಡಸ್ತೀಯೇನು?"

"ಬ್ಯಾಡ್ರಿ, ಅದು ಮೊದಲ ಬಡಕ ಐತಿ."

ಅತ್ತೆ ನಗು ತಡೆಯಲು ಸೆರಗನ್ನು ಬಾಯಿಗೆ ಹಿಡಿದದ್ದು ನನಗೆ ಕಂಡಿತು.

ನನಗೆ ಮಾತ್ರ ಅದು ಹಿಡಿಸಲಿಲ್ಲ. ಆ ಶಬ್ದ ನಮ್ಮಂಥ ಮನೆಗಳಲ್ಲಿ ಎಷ್ಟು ಜನರನ್ನು ಹೊಸ್ತಿಲಾಚೆ ನಿಲ್ಲಿಸಿದೆ ಎಂದು ನನಗೆ ಗೊತ್ತು. ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಹಾಗೆಂದೆ.

"ನನಗ ಗೊತ್ತಿಲ್ಲೇನ್ರಿ ಮೇಡಂ? ಸಣ್ಣಾವಿದ್ದಾಗ ಅಪ್ಪನ ಕೂಡ ಅಂಥಾ ಮನಿಗೆ ಅಕ್ಕಿ ಚೀಲ ಹೊತ್ಕೊಂಡು ಹೋಗತಿದ್ದೆ. ಚೀಲ ಒಳಗ, ನಾ ಹೊರಗ. ಚೀಲದ ಮ್ಯಾಲೆ ನನಗ ಭಾಳ ಸಿಟ್ಟು ಬರ್ತಿತ್ತು." ಕಿಟಕಿಯ ಹೊರಗೆ ನೋಡಿ ತಮ್ಮಷ್ಟಕ್ಕೆ ನಕ್ಕರು. "ನಿಮ್ಮ ಮನ್ಯಾಗ ಮಡಿ ಒಬ್ಬರದ. ನನ್ನ ಲ್ಯಾಬಿನ್ಯಾಗ ಸರದಿ ಮ್ಯಾಲೆ. ಒಬ್ಬೊಬ್ಬರಾಗಿ ಎಲ್ಲಾರೂ ಒಳಗ, ಉಳದಾವ್ರು ಎಲ್ಲಾರೂ ಹೊರಗ. ಪ್ರಿನ್ಸಿಪಾಲರನೂ ಬಿಡೂದಿಲ್ಲ."

ಮರುದಿನ ಪೆಟ್ಟಿಗೆಯ ಸುತ್ತ ಕೆಮ್ಮಣ್ಣಿನ ಗೆರೆ ಬಿದ್ದಿತ್ತು. ಬೆಳಕಿಗೆ ಕೀಲಿ ತಿರುಗಿಸಿ ಹಚ್ಚುವ ಸ್ವಿಚ್ ಬಂದಿತ್ತು. ಆ ಕೀಲಿಕೈಯನ್ನು ದಾರಕ್ಕೆ ಕಟ್ಟಿ, ಅದನ್ನು ಕೊರಳಿಗೆ ಹಾಕಿಕೊಂಡವರೇ ಮಡಿಯಲ್ಲಿರುವವರು. ಒಳಗೆ ಬರುವ ಮೊದಲು ಗಡಿಯಾರ, ಕಡಗ, ಉಂಗುರ, ಫೋನು ಎಲ್ಲ ತೆಗೆಯಬೇಕು. ಮದುವೆ ನಿಶ್ಚಯವಾದ ಹುಡುಗಿಯರು ಹಸಿರು ಬಳೆ ತೆಗೆಯಲು ಒಪ್ಪಲಿಲ್ಲ. ತೆಗೆಯಿರೆಂದು ಹೇಳಲು ನನಗೂ ಬಾಯಿ ಬರಲಿಲ್ಲ. ಗೋಣೆಪ್ಪಣ್ಣನ ಹೆಂಡತಿ ಯಂಕವ್ವ ಹೊಳಪಿಲ್ಲದ ಕರಿ ಬಟ್ಟೆಯಲ್ಲಿ ಮಣಿಕಟ್ಟಿನಿಂದ ಮೊಣಕೈ ತನಕ ಮುಚ್ಚುವ ಗವಸು ಹೊಲಿದು ಕಳಿಸಿದರು. ಕಣ್ಣಿಗೆ ಹಸಿರು ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ. ಕೀಲಿ ತಿರುಗಿಸುವಾಗ "ಮಡಿ!" ಎಂದು ಕೂಗಬೇಕು, ಆರಿಸಿದಾಗ "ಮಡಿ ಬಿಟ್ತು!" ಎನ್ನಬೇಕು. ಗೆರೆ ದಾಟಿದವರಿಗೆ ಶಿಕ್ಷೆ ಒಂದೇ: ಹೊರಗಿನ ನಳದಿಂದ ಎರಡು ಕೊಡ ನೀರು ಹೊತ್ತು ತಂದು ದೊಡ್ಡ ಪಂಪಿನ ತೊಟ್ಟಿಗೆ ಸುರಿಯುವುದು.

ಮೊದಲ ದಿನವೇ ತೊಟ್ಟಿ ತುಂಬಿ ಚೆಲ್ಲಿತು. ಮಹಾಂತೇಶ ಒಬ್ಬನೇ ಹದಿನಾಲ್ಕು ಕೊಡ ಹೊತ್ತ. ನಾನೂ ಎರಡು ಹೊತ್ತೆ, ಗಡಿಯಾರ ಕಟ್ಟಿಕೊಂಡೇ ಫೋನು ಸರಿಪಡಿಸಲು ಹೋಗಿದ್ದಕ್ಕೆ. ವಿದ್ಯಾರ್ಥಿಗಳಿಗೆ ಅದರಷ್ಟು ಸಂತೋಷ ಯಾವ ಪಾಠದಲ್ಲೂ ಆಗಿರಲಿಲ್ಲ. ಎರಡನೆಯ ದಿನದಿಂದ ಅವರೇ ಒಬ್ಬರನ್ನೊಬ್ಬರು ಕಾಯತೊಡಗಿದರು. ನಾಲ್ಕನೆಯ ದಿನ ಶಿವಯೋಗಿ ಸರ್ ಬಂದಾಗ ಮೂವತ್ತು ಬಾಯಿ ಒಟ್ಟಿಗೆ "ಮಡೀರಿ ಸರ!" ಎಂದವು. ಅವರು ನಮಸ್ಕಾರವೆಂದು ತಿಳಿದು ಕೈ ಎತ್ತಿ ಅಲ್ಲೇ ನಿಂತರು.

ಹತ್ತನೆಯ ದಿನ ಮಧ್ಯಾಹ್ನ ಸಮಿತಿ ಬಂದಿತು, ಮೂವರು. ಹಿರಿಯರು ದೂರದ ದೊಡ್ಡ ಕಾಲೇಜಿನ ಪ್ರಾಧ್ಯಾಪಕರು. ಕೈಯಲ್ಲಿ ನಾಲ್ಕು ಹರಳಿನ ಉಂಗುರ, ಥಳಥಳಿಸುವ ಗಡಿಯಾರ. ಮಡಿಯ ಸರದಿ ದಿಲ್ಶಾದಳದು. ಅಷ್ಟರಲ್ಲಿ ಬಾಗಿಲಲ್ಲಿ ನೋಡಿದರೆ ಆಕಾಶನನ್ನು ಎತ್ತಿಕೊಂಡು ಅತ್ತೆ! "ನನ್ನ ಮಡೀನ ಏನು ಮಾಡ್ಯಾನ ನೋಡೋಣಂತ ಆಟೋ ಮಾಡಿ ಬಂದೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ದಿಲ್ಶಾದ "ಮಡಿ!" ಎಂದು ಕೂಗಿ ಕೀಲಿ ತಿರುಗಿಸಿದಳು. ಪ್ರಾಧ್ಯಾಪಕರಿಗೆ ಅದು ಏನೆಂದು ತಿಳಿಯಲಿಲ್ಲವೋ, ತಮಗಲ್ಲ ಎಂದುಕೊಂಡರೋ, ಸೀದಾ ಪೆಟ್ಟಿಗೆಯ ಕಡೆ ನಡೆದರು.

"ಅಲ್ಲೇ ನಿಂದರ್ರಿ ಸರ! ಗೆರಿ ದಾಟಬ್ಯಾಡ್ರಿ!" ದಿಲ್ಶಾದಳ ದನಿಗೆ ಕಿಟಕಿಯ ಗಾಜು ನಡುಗಿತು.

ಪ್ರಾಧ್ಯಾಪಕರ ಒಂದು ಕಾಲು ಗಾಳಿಯಲ್ಲೇ ಉಳಿಯಿತು.

"ಏ ಹುಡುಗಿ!" ಶಿವಯೋಗಿ ಸರ್ ಕೆಂಪಾದರು. "ಯಾರ ಜೋಡಿ ಮಾತಾಡಾಕತ್ತಿ ಖಬರ್ ಐತೇನು? ಸರಿ ಆ ಕಡೆ! ನೋಡ್ಲಿ ಅವ್ರು!"

ದಿಲ್ಶಾದ ಗೋಣೆಪ್ಪಣ್ಣನ ಮುಖ ನೋಡಿದಳು. ಸರಿ ಎಂದರೆ ಹತ್ತು ದಿನದ ಮಡಿ ಅಲ್ಲಿಗೆ ಮುಗಿಯಿತು. ಬೇಡ ಎಂದರೆ ವರಾಂಡದ ಗಂಟುಗಳು ಒಳಗೆ ಬರುತ್ತವೆ. ಗೋಣೆಪ್ಪಣ್ಣ ಬಹಳ ಸಣ್ಣಗೆ ತಲೆ ಅಲ್ಲಾಡಿಸಿದರು. ಬ್ಯಾಡ. ಹುಡುಗಿ ಕದಲಲಿಲ್ಲ.

ಆಗ ಬಾಗಿಲಿನಿಂದ ನನ್ನ ಅತ್ತೆಯ ದನಿ ಬಂತು. "ಆಕಿ ಮಡಿಯೊಳಗ ಇದ್ದಾಳಪಾ. ಮಡಿ ಅಂದ ಮ್ಯಾಲೆ ದೊಡ್ಡಾವ ಸಣ್ಣಾವ ಎಲ್ಲಿಂದು? ಕಾಲು ಹಿಂದ ತಗೋ."

ನಮ್ಮ ಮನೆಯ ಅಡಿಗೆಮನೆಗೆ ನನ್ನನ್ನೂ ಸಲೀಸಾಗಿ ಬಿಡದ ಅತ್ತೆ, ಹುಸೇನಸಾಬರ ಮಗಳನ್ನು ಮಡಿಯೊಳಗಿದ್ದಾಳೆ ಎಂದದ್ದು ನನ್ನ ಕಿವಿಗೆ ಬಿತ್ತು. ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ.

ಪ್ರಾಧ್ಯಾಪಕರು ಕಾಲು ಹಿಂದಕ್ಕೆ ತೆಗೆದರು. ಕೋಪ ಬಂದಿದೆಯೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಜೇಬಿನ ಪೆನ್ನು ತೆಗೆದು, ಆಚೀಚೆ ನೋಡಿ, ಬೇಕೆಂದೇ ಉರುಳಿಸಿಬಿಟ್ಟರು. ಪೆನ್ನು ಗೆರೆ ದಾಟಿ ಪೆಟ್ಟಿಗೆಯ ಬುಡಕ್ಕೆ ಹೋಗಿ ನಿಂತಿತು. ಮೂವತ್ತು ಜನರಲ್ಲಿ ಒಬ್ಬರೂ ಬಗ್ಗಲಿಲ್ಲ. ಮಹಾಂತೇಶನ ಬಲಗೈ ಹೊರಟಿತ್ತು, ಎಡಗೈ ಅದನ್ನು ಹಿಡಿದುಕೊಂಡಿತು. ದಿಲ್ಶಾದ ಕೀಲಿ ತಿರುಗಿಸಿ ಹೊರಗೆ ತೆಗೆದಳು, ಕಿಂಡಿಯ ಮುಂದೆ ಬಿಳಿ ಕಾಗದ ಹಿಡಿದು ನೋಡಿದಳು, ಆಮೇಲೆ "ಮಡಿ ಬಿಟ್ತು!" ಎಂದಳು. ಪೆನ್ನು ಎತ್ತಿ ಗೆರೆಯ ಮೇಲಿನಿಂದ ಚಾಚಿ ಕೊಟ್ಟಳು.

ಪ್ರಾಧ್ಯಾಪಕರು ಗೆರೆಯ ಹೊರಗಿನಿಂದಲೇ ಪೆಟ್ಟಿಗೆಯನ್ನು ಅರ್ಧ ಗಂಟೆ ನೋಡಿದರು. ಬೆಳಕು ಹಚ್ಚಿಸಿ ಮುಚ್ಚಳ ಎತ್ತಿಸಿದರು, ಆರಿತು. ಹತ್ತು ಸಲ ಎತ್ತಿಸಿದರು, ಹತ್ತು ಸಲವೂ ಆರಿತು.

"ಇದು ಎಲ್ಲಿಯ ಸ್ವಿಚ್ಚು?"

"ಬೈಕಿಂದ್ರಿ. ಬ್ರೇಕಿಂದು."

"ಫ್ರಿಜ್ಜಿನದು ಹಾಕಬಹುದಿತ್ತಲ್ಲ, ಬಾಗಿಲಿಗೆ ಅಂತಲೇ ಇರ್ತದ."

ಗೋಣೆಪ್ಪಣ್ಣ ನನ್ನ ಕಡೆ ನೋಡಲಿಲ್ಲ. "ಅದನ್ನೊಂದು ಕೇಳಬ್ಯಾಡ್ರಿ ಸರ," ಎಂದರು. ಪ್ರಾಧ್ಯಾಪಕರು ಮೊದಲ ಬಾರಿಗೆ ನಕ್ಕರು. ಅವರೂ ಎಲ್ಲೋ ಫ್ರಿಜ್ಜಿನ ಸ್ವಿಚ್ ಹಾಕಿದ್ದಿರಬೇಕು.

ವರದಿಯ ಕೊನೆಯ ಸಾಲನ್ನು ಅಲ್ಲೇ ನಿಂತು ಬರೆದರು: ವಿದ್ಯಾರ್ಥಿಗಳೇ ನಡೆಸಬಹುದು; ಬೆಳಕಿನ ಬಲವನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಮೇಲೆ ಬರೆಯತಕ್ಕದ್ದು. ಮಡಿಗೆ ಸರಕಾರಿ ಭಾಷೆಯಲ್ಲಿ ಏನೆನ್ನಬೇಕೆಂದು ಮೂವರೂ ಸ್ವಲ್ಪ ಹೊತ್ತು ಚರ್ಚಿಸಿ, ಕೊನೆಗೆ "ಸ್ಥಳೀಯ ವ್ಯವಸ್ಥೆ ಸಮರ್ಪಕ" ಎಂದು ಬರೆದರು. ಆಮೇಲೆ ಪ್ರಾಧ್ಯಾಪಕರಿಗೆ ತಾವೇ ಒಳಗೆ ಹೋಗಿ ನಡೆಸಿ ನೋಡುವ ಆಸೆಯಾಯಿತು. ಗೋಣೆಪ್ಪಣ್ಣ ಸೋಪು ತಂದರು. ಮೂರು ಉಂಗುರ ಬಂದವು, ನಾಲ್ಕನೆಯದು ಬರಲಿಲ್ಲ. ಗೆರೆಯ ಹೊರಗೇ ನಿಂತು ಫೋನಿನ ಪರದೆಯಲ್ಲಿ ನೋಡಿಕೊಂಡು ಹೋದರು.

ಗೋಣೆಪ್ಪಣ್ಣ ಸಂತೋಷವನ್ನು ಬಾಯಿಬಿಟ್ಟು ಹೇಳಲಿಲ್ಲ. ಶಿವಯೋಗಿ ಸರ್ ಇನ್ನೂ ಬಾಗಿಲಲ್ಲಿ ನಿಂತು ಅಭಿನಂದನೆಯ ಮಾತಾಡುತ್ತಿರುವಾಗಲೇ, "ಸರ, ಜರಾ ಹಾದಿ ಬಿಡ್ರಿ, ಎರಡನೇ ಬ್ಯಾಚ್ ಬಂದೈತಿ," ಎಂದು ಅವರನ್ನು ಪಕ್ಕಕ್ಕೆ ಸರಿಸಿದರು. ವರಾಂಡದಲ್ಲಿ ಸಾಲು ಬೆಳೆದಿತ್ತು. ಉತ್ತರಪತ್ರಿಕೆಯ ಗಂಟಿನ ಮೇಲೆ ಕುಳಿತಿದ್ದ ಮಹಾಂತೇಶನನ್ನು ಅತ್ತೆ, "ಏಳೋ, ಸರಸ್ವತಿ ಅದು!" ಎಂದು ಎಬ್ಬಿಸಿದರು. ಮಗುವನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಣೆಪ್ಪಣ್ಣನನ್ನು ಕೇಳಿದರು:

"ನನ್ನ ಮುಂದ ಎಷ್ಟು ಮಂದಿ ಇದ್ದಾರೋ?"

"ಹನ್ನೊಂದು ಮಂದಿ ಅದಾರ್ರಿ ಬಾಯಾರ. ಹೊತ್ತಾಗತೈತಿ."

"ಆಗಲೇಳು," ಎಂದರು ಅತ್ತೆ, ಮತ್ತು ಹನ್ನೆರಡನೆಯವರಾಗಿ ಸಾಲಿನಲ್ಲಿ ನಿಂತರು.